ಹದಿನೇಳು ಫೋಟೋ, ಒಂದು ಮೊಣಕೈ

ಗುರುವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ, ಸ್ಟುಡಿಯೋದಿಂದ

ನನ್ನ ಕಿವಿ ಹಿಂಡುವ ಸರ್ವಾಧಿಕಾರವುಳ್ಳ ಅಕ್ಕನ ಸನ್ನಿಧಾನಕ್ಕೆ,

ನಿನ್ನ ಕಪಿ ಮಾಡುವ ಉದ್ದಂಡ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿ ಇಳಿಸಿದೆ. ಭಾನುವಾರವೇ ಬರೆಯಬೇಕಿತ್ತು. ಫೋನಿನಲ್ಲೇ ಮುಗಿದೀತು ಅಂದುಕೊಂಡು ತಡಮಾಡಿದೆ, ಕ್ಷಮಿಸು.

ಅಕ್ಕಾ, ಅಪ್ಪ ಕಾಣೆಯಾಗಿದ್ದಾನೆ. ಶನಿವಾರ ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು ಹೊರಟವನು ಇನ್ನೂ ಬಂದಿಲ್ಲ. ಈಚೆಗೆ ಹೋದ ದಾರಿಯಲ್ಲಿ ವಾಪಸ್ಸು ಬರುವುದು ಅವನಿಗೆ ಕಷ್ಟವಾಗಿತ್ತು.

ಈ ಸಾಲಿಗೆ ಬಂದಾಗ ನೀನು ತುಟಿ ಹೇಗೆ ಕೊಂಕಿಸುತ್ತೀ ಎಂದು ಗೊತ್ತು. ಹೋದ ವರ್ಷ ಡಾಕ್ಟರ ದನಿಯಲ್ಲಿ "ನಿಮ್ಮ ತಂದೆ ಸೀರಿಯಸ್ಸು" ಅಂತ ಫೋನ್ ಮಾಡಿದ ಮಹಾಪುರುಷ ನಾನೇ. ನೀನು ಪುಟ್ಟಿಯನ್ನು ಕಂಕುಳಲ್ಲಿ ಹೊತ್ತು, ಎರಡು ಬಸ್ಸು ಬದಲಿಸಿ ಓಡಿಬಂದರೆ ಅಪ್ಪ ಕಿಟಕಿ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. "ಇನ್ಮೇಲೆ ನೀನೇ ಸತ್ತೆ ಅಂತ ಫೋನ್ ಬಂದ್ರೂ ನಂಬಲ್ಲ ಕಣೋ" ಅಂದಿದ್ದೆ. ಮಾತಿಗೆ ತಪ್ಪದವಳು ನೀನು. ನನ್ನ ನಂಬರು ನಿನ್ನ ಫೋನಿನಲ್ಲೂ ಬ್ಲಾಕು, ಭಾವನ ಫೋನಿನಲ್ಲೂ ಬ್ಲಾಕು. ಮೊನ್ನೆ ಠಾಣೆಯಿಂದ ಸಾಕ್ಷಾತ್ ಇನ್ಸ್‌ಪೆಕ್ಟರೇ ಮಾತಾಡಿದರೆ, "ಪೊಲೀಸ್ ದನಿ ಚೆನ್ನಾಗಿ ಬರ್ತಿದೆ ಕಣೋ ಕತ್ತೆ, ಇಡೋ ಫೋನು" ಅಂದುಬಿಟ್ಟೆ. ಅವರು ಫೋನನ್ನೇ ನೋಡುತ್ತಾ ಕೂತು, "ಏನಪ್ಪಾ, ನಿಮ್ಮನೇಲಿ ಎಲ್ರೂ ಹೀಗೇನಾ?" ಅಂದರು.

ದನಿ ಬದಲಿಸಬಲ್ಲೆ ಅಕ್ಕಾ, ಅಕ್ಷರ ಬದಲಿಸಲಾರೆ. ಈ ಕಾಗೆಕಾಲು ಗುಬ್ಬಿಕಾಲು ನನ್ನವೇ. ನಂಬು.

ಠಾಣೆಯವರು ಕೇಳುತ್ತಿರುವುದು ಒಂದೇ, ಅಪ್ಪನ ಮುಖ ಕಾಣುವ ಒಂದು ಫೋಟೋ. ಊರವರ ಮದುವೆ, ಬೀಳ್ಕೊಡುಗೆ, ಬಸ್ಸಿಗೆ ಕಾದವರು, ಕ್ಷೌರಕ್ಕೆ ಕೂತು ನಿದ್ದೆಹೋದವರು, ಎಲ್ಲರನ್ನೂ ತೆಗೆದ ಈ ಛಾಯಾಗ್ರಾಹಕ ಚಕ್ರವರ್ತಿಯ ಹತ್ತಿರ ಅದೊಂದಿಲ್ಲ. ಅಪ್ಪ ಯಾವಾಗಲೂ ನನ್ನ ಪಕ್ಕ ಲೈಟು ಹಿಡಿದು ನಿಂತಿರುತ್ತಿದ್ದ. ಲೈಟಿನವನು ಒಳಗೆ ಬಂದರೆ ಫೋಟೋ ಕೆಟ್ಟಿತೆಂದೇ ಲೆಕ್ಕ. "ಅಪ್ಪಾ, ಆಚೆ, ಇನ್ನೂ ಆಚೆ" ಅನ್ನುವುದೇ ನನ್ನ ಕೆಲಸ. ಈ ಐದು ದಿನದಲ್ಲಿ ಎಂಟು ಸಾವಿರ ಫೋಟೋ ಜಾಲಾಡಿದೆ. ಹದಿನೇಳರಲ್ಲಿ ಅವನ ಮೊಣಕೈ ಇದೆ. ಎರಡರಲ್ಲಿ ಚಪ್ಪಲಿ. ಒಂದರಲ್ಲಿ ಗೋಡೆ ಮೇಲೆ ನೆರಳು, ಮೂಗು ಥೇಟ್ ನಿನ್ನದು.

ಗುರುತಿನ ಚೀಟಿಯಲ್ಲಿರುವುದು ಬರೀ ಮಸಿ. ನನ್ನ ಫೋನಿನಲ್ಲಿ ಅವನ ಆರು ಫೋಟೋ ಇವೆ, ಆರಕ್ಕೂ ನಾನು ಬೆಕ್ಕಿನ ಕಿವಿ, ಮೀಸೆ ಅಂಟಿಸಿದ್ದೇನೆ. ಇನ್ಸ್‌ಪೆಕ್ಟರು ಒಂದೊಂದನ್ನೇ ಸರಿಸಿ ನೋಡಿ, "ಏನಂತ ಹಾಕ್ಲಿ? ಬೆಕ್ಕು ಕಾಣೆಯಾಗಿದೆ ಅಂತ್ಲಾ?" ಅಂದರು. ಪಕ್ಕದ ಪೇದೆ ನಕ್ಕ. ನನಗೂ ನಗು ಬಂತು, ಆಮೇಲೆ ನಿಲ್ಲಿಸಲಾಗಲಿಲ್ಲ. ಅದು ನಗುವಲ್ಲ ಎಂದು ಅವರಿಗೆ ತಿಳಿಯಿತು, ನೀರು ತರಿಸಿದರು.

ಹೋದ ರಜೆಯಲ್ಲಿ ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪನನ್ನು ಭಾವ ತೆಗೆದಿದ್ದರಲ್ಲ, ಅದನ್ನು ಈ ಕ್ಷಣವೇ ಕಳಿಸು. ನನಗೆ ಬೇಡ. ನಿಮ್ಮ ಹತ್ತಿರದ ಠಾಣೆಗೆ ಹೋಗಿ, ಅವರಿಂದಲೇ ನಮ್ಮ ಠಾಣೆಗೆ ಫೋನ್ ಮಾಡಿಸಿ, ಅಲ್ಲಿಂದಲೇ ಕಳಿಸು. ನಾನೇ ಬರೋಣವೆಂದರೆ, ಅಷ್ಟರಲ್ಲಿ ಅಪ್ಪ ಬಂದು ಬಾಗಿಲಲ್ಲಿ ಬೀಗ ನೋಡಿದರೆ?

ಭಾವನಿಗೆ ನಮಸ್ಕಾರ. ಪುಟ್ಟಿ ನೂರು ವರ್ಷ ಬಾಳಲಿ, ಮಾವನ ಬುದ್ಧಿ ಮಾತ್ರ ಬಾರದಿರಲಿ.

ಇಂತು ನಿನ್ನ
ಕಪಿ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ. ಮೊದಲ ಸಾಲಿನಿಂದ ಇದನ್ನೇ ಮುಂದೂಡುತ್ತಾ ಬಂದೆ. ನಮ್ಮ ಕಸುಬಿನಲ್ಲಿ ಒಂದು ಕಳ್ಳಾಟವಿದೆ. ಮದುವೆಗಳಲ್ಲಿ "ನಂದು ತೆಗೀರಿ, ನಂದು ತೆಗೀರಿ" ಎಂದು ಪೀಡಿಸುವವರಿಗೆ ಕ್ಯಾಮೆರಾದ ಗುಂಡಿ ಒತ್ತದೆ ಬರೀ ಫ್ಲ್ಯಾಶ್ ಮಿನುಗಿಸುತ್ತೇವೆ. ಅವರು ಖುಷಿಯಾಗಿ ಹೋಗುತ್ತಾರೆ, ಫೋಟೋ ಇರುವುದಿಲ್ಲ. ಹೋದ ತಿಂಗಳು ಒಂದು ಮದುವೆಯಲ್ಲಿ ಅಪ್ಪ ಲೈಟು ಕೆಳಗಿಟ್ಟು, ತಲೆ ಬಾಚಿಕೊಂಡು ಬಂದು ಎದುರು ನಿಂತ. "ನಂದೂ ಒಂದು ತೆಗಿಯೋ. ಅಕ್ಕನಿಗೆ ಕಳಿಸೋಣ." ನಾನು "ಗಲ್ಲ ಮೇಲೆ ಮಾಡಿ ಮಹಾಸ್ವಾಮಿ" ಅಂದು ಬರೀ ಫ್ಲ್ಯಾಶ್ ಹೊಡೆದೆ.

ಆಮೇಲೆ ದಿನಾ ಅದೇ. "ಬಂತೇನೋ ನನ್ನ ಫೋಟೋ?"

"ದೊಡ್ಡ ಸೈಜಿಂದಪ್ಪಾ, ಲ್ಯಾಬಲ್ಲಿದೆ."

"ಎಲ್ಲಿದೆಯೋ ಆ ಲ್ಯಾಬು?"

"ಹನ್ನೊಂದನೇ ನಂಬರ್ ಬಸ್ಸು, ಕೊನೇ ಸ್ಟಾಪು. ಇಳಿದು ನೇರ ನಡೀಬೇಕು."

ಅಂಥ ಲ್ಯಾಬೇ ಇಲ್ಲ ಅಕ್ಕಾ. ಶನಿವಾರ ಹೊರಡುವಾಗ ಕೆಳಗಿನ ಟೈಲರಿಗೆ ಹೇಳಿದನಂತೆ, "ಹುಡುಗನಿಗೆ ಪುರುಸೊತ್ತಿಲ್ಲ ಪಾಪ, ನಾನೇ ಹೋಗಿ ತಂದ್ಬಿಡ್ತೀನಿ." ಕೊನೇ ಸ್ಟಾಪಿಗೆ ನಾಲ್ಕು ಸಲ ಹೋಗಿ ಬಂದೆ. ಅಲ್ಲಿಂದ ನೇರ ನಡೆದರೆ ಬಯಲು. ಎದುರು ಬಂದ ಹೆಂಗಸನ್ನು ವಿಚಾರಿಸಿದರೆ, "ನೋಡೋಕೆ ಹೇಗಿದಾರೆ?" ಅಂದಳು. ದಿನಕ್ಕೆ ಇನ್ನೂರು ಮುಖ ನೋಡುವವನು ನಾನು. "ತಲೆ ಬಾಚ್ಕೊಂಡಿರ್ತಾರೆ" ಅಂದೆ. ಅಷ್ಟೇ ನೆನಪಿಗೆ ಬಂತು.