ಗಾಜಿನ ಲೋಟದಲ್ಲಿ ಭತ್ತದ ಗರಿ

ಗಂಜಾಂ
19 ಸೆಪ್ಟೆಂಬರ್ 2024, ಗುರುವಾರ

ತನುಶ್ರೀ ಅಪ್ಪನವರಿಗೆ,

ನಿಮ್ಮ ಮನೆಯಿಂದ ಪುಟ್ಟಲಕ್ಷ್ಮಮ್ಮ ಬರೆಯುವುದು. ನಾನು ಇಲ್ಲಿ ಕ್ಷೇಮ ಅಂತ ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡಿ. ಮಗಳು ಹೊಣಕೆರೆಯಲ್ಲಿ ಅತ್ತೆ ಮನೆಯವರ ಜೊತೆ ಚೆನ್ನಾಗಿದ್ದಾಳೆ. ಫೋನು ಮಾಡೋಣವೆಂದರೆ ನೀವು ‘ಊಂ’ ಅಂದು ಇಟ್ಟುಬಿಡುತ್ತೀರಿ. ಕಾಗದವಾದರೆ ನಿಮ್ಮ ಅಕ್ಕ ಪೂರ್ತಿ ಓದಿಸಿ ಕೇಳದೆ ಬಿಡುವುದಿಲ್ಲ. ನೀವಿರುವ ಮಾಕವಳ್ಳಿಯಲ್ಲಿ ನನ್ನ ಕಡೆ ಇರುವವರು ಅವರೊಬ್ಬರೇ.

ವಿಷಯ ಗದ್ದೆಯದು. ಮೂಡಲ ಗದ್ದೆಯಲ್ಲಿ ಭತ್ತದ ಗರಿಗಳ ತುದಿ ಹಳದಿಗೆ ತಿರುಗಿದೆ. ಹೋದ ವರ್ಷವೂ ಹೀಗೇ ಅಲ್ಲವೇ ಶುರುವಾಗಿದ್ದು? ಮೊದಲು ತುದಿ, ಆಮೇಲೆ ಅಂಚು, ನೋಡನೋಡುತ್ತ ಗದ್ದೆಗೆ ಗದ್ದೆಯೇ ಒಣಗಿ, ಕೊಯ್ದಾಗ ಬರೀ ಜೊಳ್ಳು. ಬೆಳಿಗ್ಗೆ ಬದುವಿನ ಮೇಲೆ ನಿಂತು ಒಂದೊಂದೇ ಗರಿ ತಿರುವಿ ನೋಡಿದೆ.

ಆಗ ಊರಲ್ಲಿ ಸಭೆ ಸೇರಿದ ದಿನ ನೀವು ಮರೆತಿರಬಹುದು, ನಾನು ಮರೆತಿಲ್ಲ. ಕೃಷಿ ಅಧಿಕಾರಿ ಅರಳಿಕಟ್ಟೆ ಹತ್ತಿರ ಎಲ್ಲರನ್ನೂ ಸೇರಿಸಿ, ಇದು ಅಂಗಮಾರಿ ರೋಗ, ಬ್ಯಾಕ್ಟೀರಿಯಾದಿಂದ ಬರುತ್ತದೆ ಅಂದರು. ಅವರ ಮಾತು ಮುಗಿಯುವ ಮೊದಲೇ ನೀವು ಎದ್ದು ನಿಂತು ನನ್ನ ಕಡೆ ಕೈ ತೋರಿಸಿದಿರಿ. “ಅಂಗಾರೆ ನಮ್ಮನೆ ಕಾಯ್ಲೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು ಬುಡಿ ಸಾ. ಇವ್ಳೇ ಪ್ಯಾಕೆಟ್ ಪ್ಯಾಕೆಟ್ಟು ಬ್ಯಾಕ್ಟೀರಿಯಾ ತಂದು ಗದ್ದೆಗೆ ಬುಟ್ಟವ್ಳೆ!” ಅಂದಿರಿ. ಊರಿಗೆ ಊರೇ ನಕ್ಕಿತು. ಅದು ಬೇರೆ, ಇದು ಬೇರೆ ಅಂತ ಅಧಿಕಾರಿ ಬಾಯಿ ಬಡಿದುಕೊಂಡರೂ ಕೇಳುವವರು ಯಾರು? ನಾನು ಹೆಂಗಸರ ನಡುವೆ ಕೂತು ಸೆರಗಿನ ತುದಿ ತಿರುವುತ್ತಿದ್ದೆ. ಮನೆಗೆ ಬಂದು ನಾಲ್ಕು ಮಾತು ಆಡಿದೆ, ನೀವೂ ಆಡಿದಿರಿ. ಮಾರನೇ ದಿನ ಅಕ್ಕನ ಊರಲ್ಲಿ ಕಬ್ಬಿನ ಲಾರಿ ಕೆಲಸ ಐತೆ ಅಂತ ಚೀಲ ತಗೊಂಡು ಹೊರಟವರು ಹೊರಟೇಬಿಟ್ಟಿರಿ.

ಈಗಲಾದರೂ ಕೇಳಿ. ನಾನು ತಂದ ಪ್ಯಾಕೆಟ್ಟಿನ ಪುಡಿ ಪೈರಿನ ಬೇರಿಗೆ ಹಾಕುವ ಜೀವಾಣು ಗೊಬ್ಬರ. ಬೆಲ್ಲ ಕದಡಿದ ಗಂಜಿಗೆ ಕಲಸಿ, ನಾಟಿಗೆ ಮೊದಲು ಬೇರು ಅದ್ದುವುದು. ಅದರೊಳಗಿನ ಜೀವಗಳು ಬೇರಿನ ಹತ್ತಿರ ಮನೆ ಮಾಡಿಕೊಂಡು, ಗಾಳಿಯಲ್ಲಿರುವ ಸತ್ವ ಹಿಡಿದು ಪೈರಿಗೆ ಉಣಿಸುತ್ತವೆ. ಗರಿ ಸುಡುವುದು ಬೇರೆಯದು. ಹೆಸರು ಒಂದೇ ಆದರೆ ಗುಣವೂ ಒಂದೇನಾ? ನೀವು ದಿನಾ ಉಣ್ಣುವ ಮೊಸರು ಹೆಪ್ಪಾಗುವುದೂ ಬ್ಯಾಕ್ಟೀರಿಯಾದಿಂದಲೇ, ಅದರ ಮೇಲೆ ಯಾಕೆ ಜಗಳ ತೆಗೆಯಲಿಲ್ಲ? ನಮ್ಮ ಪಕ್ಕದ ತಮ್ಮಯ್ಯನ ಗದ್ದೆಗೆ ಒಂದು ಚಿಟಿಕೆ ಪುಡಿಯೂ ಬಿದ್ದಿರಲಿಲ್ಲ, ಅದೂ ಸುಟ್ಟುಹೋಯಿತು. ಮಳೆಗಾಳಿಗೆ, ಗದ್ದೆಯಿಂದ ಗದ್ದೆಗೆ ಹರಿಯುವ ನೀರಿಗೆ ಬರುವ ಕಾಯಿಲೆ ಅದು. ಪೈರು ಇನ್ನಷ್ಟು ಹಸಿರಾಗಲಿ ಅಂತ ನೀವು ಎರಚಿದ ಯೂರಿಯಾ ಅದಕ್ಕೆ ಹಬ್ಬದೂಟ.

ಈ ಸಲವೂ ಹಟ ಹಿಡಿದು ಬೇರು ಅದ್ದಿಯೇ ನಾಟಿ ಮಾಡಿಸಿದೆ. ನಾಟಿಯ ಹೆಂಗಸರು ಬಂದರು, ಹಾಡಿದರು, ಉಂಡು ಹೋದರು. ಬದುವಿನ ಮೇಲಿಂದ ಪೈರಿನ ಕಟ್ಟು ಎಸೆಯುವಾಗ ನೀವು ಮಾಡುವ ಗದ್ದಲ ಮಾತ್ರ ಇರಲಿಲ್ಲ. ಈಗ ರೋಗ ಬಂದರೆ ಊರವರು ಏನನ್ನುತ್ತಾರೆ ಗೊತ್ತು: “ತಿಮ್ಮರಾಜು ಯೋಳಿದ್ದೇ ದಿಟ ಕಣ್ಲಾ!” ಅನ್ನಲಿ, ಊರ ಬಾಯಿ ಮುಚ್ಚುವವರು ಯಾರು? ಆದರೆ ಆ ಮಾತು ನಿಮ್ಮ ಕಿವಿಗೆ ಬಿದ್ದರೆ ನೀವು ಇನ್ನು ಈ ಹೊಸಿಲು ತುಳಿಯುವುದಿಲ್ಲ. ನನ್ನ ಭಯ ಅದೇ. ಭತ್ತ ಹೋದರೆ ಇನ್ನೊಂದು ಬೆಳೆ ಬರುತ್ತದೆ.

ಒಬ್ಬಳಿಗೆ ಅಂತ ಮುದ್ದೆ ತಿರುವಲು ಮನಸ್ಸು ಬರುವುದಿಲ್ಲ. ಬೆಳಗಿನ ಅನ್ನಕ್ಕೇ ಮಜ್ಜಿಗೆ ಸುರಿದುಕೊಂಡು ಸಂಜೆಯೂ ಮುಗಿಸುತ್ತೇನೆ. ನಿಮಿಷಾಂಬ ಗುಡಿಗೆ ಹೋಗಿ ಹೊಳೆ ಮೆಟ್ಟಿಲ ಮೇಲೆ ಕೂತರೆ, ಬಂದವರೆಲ್ಲ ಜೋಡಿ ಜೋಡಿಯೇ. ಅಲ್ಲಿಗೂ ಹೋಗುವುದು ಬಿಟ್ಟೆ. ಮೊನ್ನೆ ಪೈರಿನ ಹತ್ತಿರ ಮಾತಾಡುತ್ತಿದ್ದೆ, ತಮ್ಮಯ್ಯ ಕೇಳಿಸಿಕೊಂಡು “ಯಾರ ತಾವ ಅಕ್ಕಾ ಮಾತು?” ಅಂದ. ಫೋನಿನಲ್ಲಿ ಅಂದೆ. ಫೋನು ಮನೆಯಲ್ಲಿತ್ತು.

ರೋಗ ಹೌದೋ ಅಲ್ಲವೋ ತಿಳಿಯಲು ಅಧಿಕಾರಿ ಅವತ್ತೇ ಒಂದು ದಾರಿ ಹೇಳಿದ್ದರು. ಅಷ್ಟು ಹೊತ್ತಿಗೆ ನೀವು ಸಭೆಯಿಂದ ಎದ್ದು ಹೋಗಿದ್ದಿರಿ. ಹಳದಿಯಾದ ಗರಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟು ಬೆಳಕಿಗೆ ಹಿಡಿಯಬೇಕು. ಕತ್ತರಿಸಿದ ಕಡೆಯಿಂದ ಹಾಲಿನಂಥದ್ದು ಇಳಿದು ನೀರು ಕದಡಿದರೆ ರೋಗ. ಈಗತಾನೆ ಗರಿ ಕಿತ್ತು ತಂದಿದ್ದೇನೆ. ನೆಂಟರಿಗೆ ಕೊಡುವ ಲೋಟಕ್ಕೆ ನೀರು ತುಂಬಿಸಿ ಕಿಟಕಿಯಲ್ಲಿಟ್ಟಿದ್ದೇನೆ. ಗರಿ ಇಳಿಬಿಡಲು ಧೈರ್ಯ ಸಾಲದೆ ಈ ಕಾಗದ ಬರೆಯುತ್ತ ಕೂತಿದ್ದೇನೆ.

ರೋಗವೇ ಆದರೆ ಗದ್ದೆಯ ನೀರು ಬಸಿಯಬೇಕು, ಅದು ತಮ್ಮಯ್ಯನ ಗದ್ದೆಗೆ ಹರಿಯದಂತೆ ಬದು ಕಟ್ಟಬೇಕು. ಒಬ್ಬಳ ಕೈಲಾಗುವ ಕೆಲಸವಲ್ಲ. ಗದ್ದೆ ಉಳಿಸಲಾದರೂ ಬನ್ನಿ. ಬೈಯಬೇಕೆನಿಸಿದರೆ ಬಂದು ಇಲ್ಲೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಅಕ್ಕನಿಗೆ ನಮಸ್ಕಾರ ತಿಳಿಸಿ.

ಇನ್ನೂ ನಿಮ್ಮ ಮನೆಯಲ್ಲೇ ಇರುವ,
ಪುಟ್ಟಲಕ್ಷ್ಮಮ್ಮ

ಮರೆತ ಮಾತು: ಕಾಗದ ಮಡಿಸುವ ಮೊದಲು ಗರಿಯನ್ನು ನೀರಿಗೆ ಇಳಿಬಿಟ್ಟೆ. ಎಷ್ಟು ಹೊತ್ತು ನೋಡಿದರೂ ನೀರು ತಿಳಿಯಾಗೇ ಇತ್ತು. ನಂಬಿಕೆ ಬರದೆ ಗದ್ದೆಗೆ ಓಡಿ ಬೇರೆ ಗರಿ ತಂದು ಹಾಕಿದೆ, ಆಗಲೂ ತಿಳಿ. ನಾಲೆ ನೀರು ತಡವಾಗಿತ್ತು, ಬಿಸಿಲಿಗೆ ತುದಿ ಸುಟ್ಟಿರಬೇಕು, ಅಷ್ಟೇ. ನಾನು ಕುಣಿದಾಡಬೇಕಿತ್ತು. ನಿಮ್ಮನ್ನು ಕರೆಯಲು ಇದ್ದ ಒಂದು ನೆಪವೂ ಹೋಯಿತಲ್ಲ ಅಂತ ಲೋಟದ ಮುಂದೆ ಕೂತು ಅತ್ತುಬಿಟ್ಟೆ. ಕಾಗದ ಹರಿದುಹಾಕಲು ಹೋದೆ, ಆಗಲಿಲ್ಲ. ಗದ್ದೆ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ. ಬನ್ನಿ.