ಬೀಗರ ಎಲೆಗೆ ನಿಂಬೆಹಣ್ಣಿನಷ್ಟು ಮುದ್ದೆ

ಸೋಲದೇವನಹಳ್ಳಿ
24-2-2025

ಪ್ರೀತಿಯ ತಂಗಿ ನಾಗುವಿಗೆ ಅಕ್ಕನ ಆಶೀರ್ವಾದಗಳು.

ಎಲ್ಲರೂ ಚೆನ್ನಾಗಿದ್ದೀರಷ್ಟೆ? ಬರೆಯುವುದು ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನಿಮ್ಮ ಭಾವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅವರ ಮೇಲಿನ ದೂರನ್ನು ಅವರೆದುರೇ ಹೇಳುವುದು ಹೇಗೆ?

ನಮ್ಮ ಮಗಳು ಮಂಜುಶ್ರೀಯ ಧಾರೆ ಮುಗಿಸಿಕೊಂಡು ನೀನು ಊರಿಗೆ ಹೊರಟೆಯಲ್ಲ, ಮಾರನೆಯ ದಿನ ಬೀಗರೂಟದಲ್ಲಿ ನಮ್ಮ ಮಾನ ಹೋಯಿತು. ಕಾರಣ ಸರ್ಟುಯಿನ್. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಕೀರ್ತಿ ಫಾರ್ಮಸಿ ಕಾಲೇಜಿನಲ್ಲಿ ಅದರ ಮೇಲೇ ಸಂಶೋಧನೆ ಮಾಡುತ್ತಾಳೆ. ಜೀವಕೋಶದೊಳಗಿನ ಕಿಣ್ವವಂತೆ, ಊಟ ಕಡಿಮೆಯಾದರೆ ಚುರುಕಾಗಿ ರಿಪೇರಿ ಕೆಲಸಕ್ಕೆ ಇಳಿದು ಆಯುಸ್ಸು ಹೆಚ್ಚಿಸುತ್ತದಂತೆ. ಅಷ್ಟು ಕೇಳಿದ್ದೇ ತಡ, ಇವರು ರಾತ್ರಿಯೂಟ ಬಿಟ್ಟರು. "ಅಂಕಲ್, ಅದು ಇಲಿ ಮ್ಯಾಲ ನೋಡಿದ್ದು. ಮನುಷ್ಯಾರಿಗೆ ಇನ್ನೂ ಖಾತ್ರಿ ಆಗಿಲ್ರೀ" ಎಂದಳು ಕೀರ್ತಿ. "ಇಲಿಗೆ ಆಗೋದು ನಂಗಾಗಲ್ವೇನಮ್ಮ?" ಎಂದು ಮುನಿಸಿಕೊಂಡರು.

ಬೀಗರೂ ನೂರು ವರ್ಷ ಬಾಳಲಿ ಎಂದು ಪ್ರೀತಿ ಉಕ್ಕಿ, ನನಗೆ ತಿಳಿಸದೆ, ಅಡುಗೆಯವರಿಂದ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿಸಿದರು. ಎಲೆಗೆ ಎರಡೇ ತುಂಡು ಮಾಂಸ. ಬೀಗರು ಎಲೆ ನೋಡಿದರು, ನಮ್ಮ ಮುಖ ನೋಡಿದರು. "ಏನ್ ಅನುಮಯ್ನೋರೇ, ಇಂಗೆ ಬಡಿಸೋದಾದ್ರೆ ಕರ್ದಿದ್ದಾದ್ರೂ ಯಾಕೆ?" ಎಂದು ಇವರನ್ನು ಕೇಳಿ ಎದ್ದೇಬಿಟ್ಟರು. ಇವರು "ಸರ್ಟುಯಿನ್ ಕಣ್ರೀ, ಸರ್ಟುಯಿನ್!" ಎಂದು ಕೂಗುತ್ತ ಗೇಟಿನವರೆಗೂ ಓಡಿದರು. ಪಾಪ, ಬೀಗರಿಗೆ ಇನ್ನಷ್ಟು ಸಿಟ್ಟು ಬಂತು.

ಮಂಜುಶ್ರೀ ಅಳತೊಡಗಿದಳು. ಕೊನೆಗೆ ನಾನೇ ಒಲೆಯ ಮುಂದೆ ನಿಂತು ದೊಡ್ಡ ಮುದ್ದೆ ಕಟ್ಟಿ, ಕೈಮುಗಿದು ಅವರನ್ನು ಒಳಗೆ ಕರೆತಂದೆ. ಉಂಡರು, ನಕ್ಕರು. ಇವರು ಮಾತ್ರ ಎಲೆಯ ಮುಂದೆ ನೀರು ಕುಡಿಯುತ್ತ ಕೂತರು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು. ಮಕ್ಕಳು ಹೊಟ್ಟೆ ತುಂಬ ಉಂಡು ತಣ್ಣಗಿರಲಿ.

ನಿನ್ನ ಅಕ್ಕ
ರಾಮಲಕ್ಷ್ಮಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮಂಜುಶ್ರೀಯ ಮದುವೆಗೆ ಮೊದಲೇ ನನ್ನ ಎದೆಯಲ್ಲಿ ಗಂಟು ಸಿಕ್ಕಿತ್ತು. ಕೀರ್ತಿಯ ಜೊತೆ ಹೋಗಿ ತೋರಿಸಿದೆ. ಕ್ಯಾನ್ಸರ್ ಅಂತ ಬಂದಿದೆ. ಈ ಸರ್ಟುಯಿನ್ ನನ್ನನ್ನೂ ಕಾಪಾಡುತ್ತದೆಯೇ ಎಂದು ಅವಳನ್ನು ಕೇಳಿದೆ. "ಅದು ಎರಡೂ ಕಡೆ ಸಾಕ್ಷಿ ಹೇಳ್ತೈತ್ರೀ ಆಂಟಿ. ಕ್ಯಾನ್ಸರ್ ತಡೀತೈತಿ, ಒಮ್ಮೊಮ್ಮೆ ಕ್ಯಾನ್ಸರನ್ನೂ ಕಾಯ್ತೈತಿ. ನೀವು ಉಪವಾಸ ಮಾಡಬ್ಯಾಡ್ರೀ" ಎಂದಳು. ಇವರು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ, "ನಿನ್ ಜೊತೆ ಇನ್ನೂ ಮೂವತ್ತು ವರ್ಷ ಇರ್ಬೇಕು ಕಣೇ, ಅದಕ್ಕೇ ಇದೆಲ್ಲ" ಅನ್ನುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ ನಾಗು. ನೀನು ಬಂದು ಪಕ್ಕದಲ್ಲಿ ಕೂತರೆ ಹೇಳುತ್ತೇನೆ.