ಪೆಂಗ್ವಿನ್ ದ್ವೀಪಕ್ಕೆ ನಿನ್ನ ಕೋಟು

ಅಥಣಿ, ೨೦೧೪

ಅಪ್ಪಾ,

ಹೊರಟೇಬಿಟ್ಟೆ ನೋಡು! "ನೀಲಮ, ಲಗು ಬಾ, ಕರೀ ಕೋಟ ಹಾಕ್ಕೊಂಡ ವಕೀಲರು ಬಂದಾರ" ಎಂದು ನೀನು ಟಿವಿ ಮುಂದೆ ಕೂತು ಕೂಗುತ್ತಿದ್ದೆಯಲ್ಲ, ಆ ಪೆಂಗ್ವಿನ್‌ಗಳ ದ್ವೀಪಕ್ಕೇ. ಮುಂದಿನ ತಿಂಗಳು ಹಡಗು. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ, ದಂಡೆಯ ತುಂಬ ಲಕ್ಷಾಂತರ ವಕೀಲರು. ಖುಷಿಗೆ ನನಗೆ ನಿದ್ದೆಯೇ ಹತ್ತುತ್ತಿಲ್ಲ.

ಇವತ್ತು ಬೆಳಿಗ್ಗೆ, ಅಲ್ಲಿಯ ಚಳಿಗೆಂದು ಗೂಟದಿಂದ ನಿನ್ನ ಉಣ್ಣೆಯ ಕೋಟು ತೆಗೆದೆ. ನಸುಕಿನಲ್ಲಿ ದ್ರಾಕ್ಷಿ ತೋಟಕ್ಕೆ ಹಾಕಿಕೊಂಡು ಹೋಗುತ್ತಿದ್ದೆಯಲ್ಲ, ಅದೇ. ಆದರೆ ಹಡಗಿನವರ ನಿಯಮ ಬಲು ಬಿಗಿ. ಬಟ್ಟೆಯಲ್ಲಿ ಒಂದು ಬೀಜವಾಗಲಿ ಒಂದು ಚಿಟಿಕೆ ಮಣ್ಣಾಗಲಿ ಇರಕೂಡದು. ಹೊರಗಿನ ಕಳೆ ಬೇರೂರಿದರೆ ದ್ವೀಪವೇ ಕೆಡುತ್ತದಂತೆ. ನಿನ್ನ ಕಿಸೆ ತಿರುವಿದರೆ ತೋಟದ ಕರಿ ಮಣ್ಣು, ಜೋಳದ ಕಾಳು, ಚಿಂಚಲಿ ಮಾಯಕ್ಕನ ಗುಡಿಯ ಭಂಡಾರದ ಅರಿಶಿನ! ತೋಳಿನ ತುಂಬ ಅಂಟಿಕೊಂಡ ಉತ್ತರಾಣಿ ಬೀಜ.

ಬ್ರಷ್ ಹಿಡಿದು ಕೂತೆ. ಅವ್ವ ನನ್ನ ಕೈ ಹಿಡಿದಳು.

"ಬ್ಯಾಡ ಬೇ. ಅವ್ರು ಹೋದ ಮ್ಯಾಲೆ ನಾ ಅದನ್ನ ಒಗದಿಲ್ಲ."

"ಹಂಗಾರ ಅಪ್ಪ ನನ್ನ ಕೂಡ ಹೆಂಗ ಬರ್ತಾನ?"

ಅವ್ವ ಕಿಸೆಯನ್ನು ಮೆಲ್ಲಗೆ ಒಳಗೆ ತಳ್ಳಿದಳು. "ಮಣ್ಣ ಬಿಟ್ಟ ಅವ್ರು ಎಲ್ಲಿ ಹೋಗ್ಯಾರ, ಹೇಳು?"

ಕೋಟು ಮತ್ತೆ ಗೂಟಕ್ಕೆ ಹೋಯಿತು. ನಾನು ಪೇಟೆಗೆ ಹೋಗಿ ಹೊಸದು ಕೊಂಡೆ, ಕರಿ ಬಣ್ಣದ್ದೇ. ಹಾಕಿಕೊಂಡು ಒಳಗೆ ಬಂದರೆ ಅವ್ವ ಥೇಟ್ ನಿನ್ನ ಹಾಗೆಯೇ ಕೂಗಿದಳು: "ಲಗು ಬರ್ರಿ, ವಕೀಲರು ಬಂದಾರ!"

ಇಬ್ಬರೂ ಗೂಟದ ಕಡೆ ನೋಡಿಬಿಟ್ಟೆವು.